ಪಿಸಿಎಂಬಿಯೋ ಪಿಸಿಎಂಸಿಯೋ ಅನ್ನೋ ಮೊದಲು ಹದಿನೈದು ದಿನ

ಎಸ್ಸೆಸ್ಸೆಲ್ಸಿ ಮುಗಿದ ಮನೆಗಳಲ್ಲಿ ಈಗ ಒಂದೇ ಮಾತು. ಡಾಕ್ಟರ್ ಆಗಬೇಕಂದ್ರೆ ಪಿಸಿಎಂಬಿ, ಸಾಫ್ಟ್‌ವೇರ್ ಅಂದ್ರೆ ಪಿಸಿಎಂಸಿ. ನಮ್ಮ ಹೊಸಹಳ್ಳಿ, ವಿಜಯನಗರದ ಪಿಯು ಕಾಲೇಜುಗಳ ಮುಂದೆ ಅರ್ಜಿ ಹಿಡಿದು ನಿಂತ ಪೋಷಕರದ್ದೂ ಇದೇ ಲೆಕ್ಕ. ಒಂದನ್ನು ಆರಿಸಿದರೆ ಜೀವವಿಜ್ಞಾನ ಉಳಿಯುತ್ತೆ, ಕಂಪ್ಯೂಟರ್ ಹೋಗುತ್ತೆ. ಇನ್ನೊಂದರಲ್ಲಿ ಉಲ್ಟಾ. ಆದರೆ ಇವತ್ತಿನ ಜೀವವಿಜ್ಞಾನದ ದೊಡ್ಡ ಪಾಲು ಇವೆರಡೂ ಸೇರುವ ಕಡೆಯೇ ಇದೆ. ಅದರ ಹೆಸರು ಕಂಪ್ಯೂಟೇಶನಲ್ ಬಯಾಲಜಿ.

ಹಾಗಂದ್ರೇನು? ಕನ್ನಡದಲ್ಲಿ 'ಹಾಲು', 'ಹಾಳು' ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಅರ್ಥ ಮಾತ್ರ ಬೇರೆ. ಡಿಎನ್ಎ ಕೂಡ ಹೀಗೆಯೇ. ಅದರದ್ದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಹಿಮೋಗ್ಲೋಬಿನ್ ತಯಾರಿಸುವ ಒಂದು ಜೀನ್‌ನಲ್ಲಿ 'ಜಿಎಜಿ' ಇರಬೇಕಾದ ಒಂದು ಜಾಗದಲ್ಲಿ 'ಜಿಟಿಜಿ' ಬಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಬಹುದು. ತಂದೆ, ತಾಯಿ ಇಬ್ಬರಿಂದಲೂ ಈ ಬದಲಾವಣೆ ಬಂದ ಮಗುವಿಗೆ ಸಿಕಲ್ ಸೆಲ್ ಕಾಯಿಲೆ. ಚಾಮರಾಜನಗರ, ಮೈಸೂರು ಕಡೆಯ ಆದಿವಾಸಿ ಹಾಡಿಗಳಿಗೆ ಇದು ಹೊಸದಲ್ಲ. ಇದರ ನಿರ್ಮೂಲನೆಗೆ ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಅಭಿಯಾನವನ್ನೇ ಶುರು ಮಾಡಿತು.

ಮನುಷ್ಯನ ಜೀನೋಮ್‌ನಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅಷ್ಟರಲ್ಲಿ ಒಂದು ತಪ್ಪನ್ನು ಕಣ್ಣಲ್ಲಿ ಹುಡುಕೋಕಾಗಲ್ಲ. ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಕೆಲಸ ಕಂಪ್ಯೂಟರಿನದು. ಸಿಕ್ಕಿದ ವ್ಯತ್ಯಾಸಕ್ಕೆ ಅರ್ಥವಿದೆಯೇ ಎಂದು ಕೇಳುವುದು ನಮ್ಮ ಕೆಲಸ. ಒಂಬತ್ತನೇ, ಹತ್ತನೇ ತರಗತಿಯ ಮಕ್ಕಳಿಗೆ ಇದನ್ನು ಹದಿನೈದು ದಿನದಲ್ಲಿ ಮಾಡಿಸಿ ತೋರಿಸಬಹುದು.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಹೈಸ್ಕೂಲು ಮಕ್ಕಳಿಗೆಂದೇ ಇಂಥ ಬೇಸಿಗೆ ಶಿಬಿರ ನಡೆಸುತ್ತದೆ. ಅಲ್ಲಿನ ಇಂಥ ಕೋರ್ಸುಗಳ ಶುಲ್ಕ ಸಾಮಾನ್ಯವಾಗಿ ಸಾವಿರಾರು ಡಾಲರ್. ಆದರೆ ಈ ವಿಜ್ಞಾನಕ್ಕೆ ಬೇಕಾದ ಸಾಮಗ್ರಿ ದುಬಾರಿಯಲ್ಲ. ಸೂಕ್ಷ್ಮದರ್ಶಕ ಬೇಡ, ರಾಸಾಯನಿಕ ಬೇಡ. 1982ರಲ್ಲಿ ಶುರುವಾದ ಜೆನ್‌ಬ್ಯಾಂಕ್ ಎಂಬ ಡಿಎನ್ಎ ಭಂಡಾರ, ಅದರಲ್ಲಿ ಹುಡುಕಿಕೊಡುವ ಬ್ಲಾಸ್ಟ್ ಎಂಬ ಸಾಧನ, ಎರಡೂ ಪೂರ್ತಿ ಉಚಿತ. ಶಾಲೆಯ ಕಂಪ್ಯೂಟರ್ ಕೋಣೆ, ಇಂಟರ್‌ನೆಟ್ ಸಾಕು. ರಜೆಯಲ್ಲಿ ಆ ಕೋಣೆಗೆ ಬೀಗ ಹಾಕದಿದ್ದರಾಯಿತು.

ಕಲಿಸೋರು? ಬೆಂಗಳೂರಿನಲ್ಲಿ ಅವರಿಗೇನು ಬರವೇ! 10,000 ಭಾರತೀಯರ ಜೀನೋಮ್ ಓದಿದ 'ಜೀನೋಮ್ ಇಂಡಿಯಾ' ಯೋಜನೆಯನ್ನು ಮುನ್ನಡೆಸಿದ್ದು ಐಐಎಸ್ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬಯೋಇನ್ಫರ್ಮ್ಯಾಟಿಕ್ಸ್‌ಗೆಂದೇ ಐಬಿಎಬಿ ಸಂಸ್ಥೆಯಿದೆ. ಹೊಸಹಳ್ಳಿಯಿಂದ ಈಗ ಮೆಟ್ರೋದಲ್ಲೇ ಅಲ್ಲಿಗೆ ಹೋಗಬಹುದು. ಇಂಥ ಕಡೆ ಓದುತ್ತಿರುವ ಕನ್ನಡ ಬಲ್ಲ ವಿದ್ಯಾರ್ಥಿಗಳು ಏಪ್ರಿಲ್‌ನಲ್ಲಿ ಎರಡು ವಾರ ನಮ್ಮ ಸರ್ಕಾರಿ ಶಾಲೆಗಳಿಗೆ ಬರುವಂತೆ ಶಿಕ್ಷಣ ಇಲಾಖೆ ಏರ್ಪಾಡು ಮಾಡಬೇಕು.

ಶಿಬಿರಕ್ಕೆ ಬಂದವರೆಲ್ಲ ವಿಜ್ಞಾನಿಗಳೇ ಆಗಬೇಕಿಲ್ಲ. ಪಿಯು ಅರ್ಜಿಯಲ್ಲಿ 'ಬಿ'ಯನ್ನೋ 'ಸಿ'ಯನ್ನೋ ಗುರುತಿಸುವ ಮೊದಲು, ಎರಡೂ ಒಂದೇ ಪರದೆಯ ಮೇಲೆ ಸೇರುವುದನ್ನು ಮಕ್ಕಳು ಒಮ್ಮೆ ನೋಡಿರಲಿ. ಶುಲ್ಕ ಕಟ್ಟಬಲ್ಲವರ ಮಕ್ಕಳಿಗೆ ಆ ಅವಕಾಶ ಹೇಗೋ ಸಿಗುತ್ತೆ. ಉಳಿದವರಿಗೆ ಸಿಗಬೇಕಾದರೆ ಅದು ಉಚಿತವಾಗಿರಬೇಕು, ಕನ್ನಡದಲ್ಲಿರಬೇಕು, ಮನೆ ಹತ್ತಿರವೇ ಇರಬೇಕು.