ಕೊಪ್ಪ ಎರಡಾದಾಗ

ಜಾಲತಾಣವೊಂದರಲ್ಲಿ ಹತ್ತು ಸಾವಿರ ಜನ ಫಾರ್ಮ್ ತುಂಬಿ ತಮ್ಮ ಊರಿನ ಹೆಸರು ಬರೆದಿದ್ದಾರೆ ಅನ್ನಿ. ಯಾವ ಊರಿನವರು ಎಷ್ಟು ಜನ? ಹೆಸರುಗಳೆಲ್ಲ ಒಂದು ಅರೇಯಲ್ಲಿ, ಅಂದರೆ ಸಾಲಾಗಿ ಜೋಡಿಸಿದ ಪಟ್ಟಿಯಲ್ಲಿವೆ. ಕೋಡ್ ಬರೆಯಲು ಈಗಷ್ಟೇ ಕಲಿತವರಿಗೆ ಮೊದಲು ಹೊಳೆಯುವುದು ಒಂದೊಂದು ಹೆಸರನ್ನೂ ಉಳಿದೆಲ್ಲದರ ಜೊತೆ ಹೋಲಿಸುವ ದಾರಿ. ಪ್ರತಿ ಜೋಡಿಯನ್ನು ಒಮ್ಮೆ ಮಾತ್ರ ನೋಡಿದರೂ 4,99,95,000 ಹೋಲಿಕೆ! ಪಟ್ಟಿ ಹತ್ತು ಪಟ್ಟು ಬೆಳೆದರೆ ಕೆಲಸ ಸುಮಾರು ನೂರು ಪಟ್ಟು.

ಕಿರಾಣಿ ಅಂಗಡಿಯ ಸಾಲದ ಪುಸ್ತಕದಲ್ಲಿ ಗಿರಾಕಿಗೊಂದು ಪುಟ ಇರುವಂತೆ ಊರಿಗೊಂದು ಖಾತೆ ತೆರೆದರೆ ಈ ಪಾಡಿಲ್ಲ. ಖಾತೆ ಇದ್ದರೆ ಒಂದು ಕೂಡಿಸುವುದು, ಇಲ್ಲದಿದ್ದರೆ ಹೊಸದು ತೆರೆದು 1 ಎಂದು ಬರೆಯುವುದು. ಪಟ್ಟಿಯನ್ನು ಒಂದೇ ಸಲ ಓದಿದರೆ ಮುಗಿಯಿತು. ಖಾತೆ ಹುಡುಕಲು ಪುಟ ತಿರುವಬೇಕಾಗಿಯೂ ಇಲ್ಲ. ಹೆಸರಿನ ಅಕ್ಷರಗಳಿಂದ ಲೆಕ್ಕ ಹಾಕಿ ಪಡೆದ ಸಂಖ್ಯೆಯೇ ಅದರ ಜಾಗ ತೋರಿಸುತ್ತದೆ. ಹ್ಯಾಶಿಂಗ್ ಎಂಬ ಈ ಉಪಾಯವನ್ನು ಐಬಿಎಂನ ಹಾನ್ಸ್ ಪೀಟರ್ ಲೂನ್ 1953ರಲ್ಲೇ ಬರೆದಿಟ್ಟಿದ್ದರು. ಪಿಎಚ್‌ಪಿಯಲ್ಲಿ ಎಣಿಕೆಗೆಂದೇ ಸಿದ್ಧ ಫಂಕ್ಷನ್ ಇದೆ. ಜಾವಾಸ್ಕ್ರಿಪ್ಟ್‌ನಲ್ಲಿ ಎರಡು ಮೂರು ಸಾಲು ನಾವೇ ಬರೆಯಬೇಕು.

ಎಡವುವುದು ಅಲ್ಲೇ. ಖಾತೆಗೆ ಸಾಮಾನ್ಯ ಆಬ್ಜೆಕ್ಟ್ ಬಳಸಿದರೆ 1 ಎಂಬ ಸಂಖ್ಯೆಯೂ ‘1’ ಎಂಬ ಪಠ್ಯವೂ ಒಂದೇ ಕಡೆ ಬೀಳುತ್ತವೆ. ಇಂಗ್ಲಿಷ್ ಪದಗಳನ್ನು ಎಣಿಸುವಾಗ ‘ಕನ್‌ಸ್ಟ್ರಕ್ಟರ್’ ಬಂತೋ, ಇನ್ನೂ ತಮಾಷೆ: ಆ ಹೆಸರಿನ ಫಂಕ್ಷನ್ ಆಬ್ಜೆಕ್ಟ್‌ಗೆ ಹುಟ್ಟಿನಿಂದಲೇ ಬಂದಿರುತ್ತದೆ, ಹಾಗಾಗಿ ಎಣಿಕೆಯ ಜಾಗದಲ್ಲಿ ಆ ಫಂಕ್ಷನ್ನಿನ ಪಠ್ಯವೂ ಅದರ ಬಾಲಕ್ಕೆ ಅಂಟಿದ 1 ಕೂಡ ಕಾಣಿಸುತ್ತವೆ. 2015ರ ಆವೃತ್ತಿಯಲ್ಲಿ ಬಂದ ಮ್ಯಾಪ್ ಬಳಸಿದರೆ ಈ ಎರಡೂ ಕಾಟ ತಪ್ಪುತ್ತವೆ.

ಕನ್ನಡದ ಕಾಟಕ್ಕೆ ಮ್ಯಾಪ್ ಕೂಡ ಸಾಲದು. ‘ಕೊಪ್ಪ’ದ ‘ಕೊ’ವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ‘ಕ’ದ ಜೊತೆ ಒಕಾರದ ಒಂದೇ ಸಂಕೇತ, ಇಲ್ಲವೇ ಎಕಾರ ಮತ್ತು ಊಕಾರದ ಎರಡು ಸಂಕೇತ. ತೆರೆಯ ಮೇಲೆ ಎಳ್ಳಷ್ಟೂ ವ್ಯತ್ಯಾಸ ಕಾಣದು, ಕಂಪ್ಯೂಟರಿಗೆ ಮಾತ್ರ ಅವು ಎರಡು ಊರು. ನಾರ್ಮಲೈಸ್ ಎಂಬ ಫಂಕ್ಷನ್ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಆದರೆ ‘ಬೀದರ್’ನ ಕೊನೆಯ ಅರ್ಧಾಕ್ಷರದ ನಂತರ, ಒತ್ತಕ್ಷರವಾಗದಂತೆ ತಡೆಯುವ ಅಗಲವೇ ಇಲ್ಲದ ಸಂಕೇತವೊಂದು ಅಡಗಿದ್ದರೆ ನಾರ್ಮಲೈಸ್ ಅದನ್ನು ಮುಟ್ಟುವುದಿಲ್ಲ. ಅಕ್ಕಪಕ್ಕದ ಖಾಲಿ ಜಾಗ ಕತ್ತರಿಸುವ ಟ್ರಿಮ್ ಕೂಡ ಮುಟ್ಟುವುದಿಲ್ಲ. ಎಲ್ಲೆಡೆಯಿಂದ ಕಿತ್ತೆಸೆಯೋಣವೆಂದರೆ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ.

ಹಾಗಾಗಿ ಕನ್ನಡದ ಪಟ್ಟಿ ಕೈಯಲ್ಲಿದ್ದರೆ ಮೊದಲು ನಾರ್ಮಲೈಸ್ ಮಾಡಿ, ಪದದ ಕೊನೆಯಲ್ಲಿರುವ ಆ ಕಾಣದ ಸಂಕೇತವನ್ನಷ್ಟೇ ತೆಗೆದುಹಾಕಿ, ಆಮೇಲೆ ಎಣಿಸಿ.