ನಿಮಗಿದು ಗೊತ್ತೇ? ಕಬಿನಿ ದಂಡೆಯಿಂದ ನಗರ ಕಟ್ಟುವ ಆಟಕ್ಕೆ

ಕೇರಳದ 44 ನದಿಗಳಲ್ಲಿ 41 ಪಡುವಣ ಕಡಲಿಗೆ ಓಡುತ್ತವೆ. ಮೂಡಣಕ್ಕೆ ಹರಿಯುವವು ಮೂರೇ: ಕಬಿನಿ, ಭವಾನಿ, ಪಾಂಬಾರ್. ವಯನಾಡಿನ ಗಡಿಯೂರು ಕೊಳವಳ್ಳಿ ಕಬಿನಿಯ ಸೀಮೆಗೆ ಸೇರಿದ್ದು. ಕಂಪ್ಯೂಟರಿನಲ್ಲಿ ನಗರ ಕಟ್ಟಲು ಹೊರಟ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ: ರಸ್ತೆ ಎಳೆಯುವ ಮುಂಚೆ ನೀರು ಯಾವ ಕಡೆಗೆ ಹರಿಯುತ್ತದೆ ನೋಡಿಕೊಳ್ಳಿ.

ಯಾಕೆ ಗೊತ್ತೇ? 2015ರಲ್ಲಿ ಬಂದ ‘ಸಿಟೀಸ್: ಸ್ಕೈಲೈನ್ಸ್’ ಆಟದಲ್ಲಿ ಕೊಳಚೆ ಬಿಡುವ ಕೊಳವೆಯನ್ನು ಹೊಳೆಯ ಮೇಲ್ಭಾಗದಲ್ಲೂ ಕುಡಿಯುವ ನೀರಿನ ಪಂಪನ್ನು ಕೆಳಭಾಗದಲ್ಲೂ ಇಟ್ಟರೆ ಊರಿಗೆ ಊರೇ ಹಾಸಿಗೆ ಹಿಡಿಯುತ್ತದೆ. ಪಂಪು ಮೇಲೆ, ಕೊಳಚೆ ಕೆಳಗೆ. ಆಟದಲ್ಲಿ ನಕ್ಷೆಯ ಅಂಚು ದಾಟಿದ ನೀರು ಯಾರನ್ನೂ ಮುಟ್ಟುವುದಿಲ್ಲ. ಆದರೆ ನಿಜದ ಕಬಿನಿಯ ಕೆಳಗೆ ಹೆಗ್ಗಡದೇವನಕೋಟೆಯಿದೆ, ನಂಜನಗೂಡಿದೆ. ಹಾಗಾಗಿ ಕೈಯಲ್ಲಿ ನಾಲ್ಕು ಕಾಸು ಸೇರುತ್ತಲೇ ಶುದ್ಧೀಕರಣ ಘಟಕ ಕಟ್ಟುವ ಅಭ್ಯಾಸವನ್ನು ಆಟದಲ್ಲೇ ಮಾಡಿಕೊಳ್ಳಿ.

ಅದೇ ಆಟದಲ್ಲಿ ಅಣೆಕಟ್ಟು ಕಟ್ಟಿದರೆ ಹಿನ್ನೀರು ನಿಜವಾಗಿಯೂ ಏರುತ್ತದೆ, ದಂಡೆಯ ಮನೆಗಳು ಮುಳುಗುತ್ತವೆ. ಮೊದಲು ಅಣೆಕಟ್ಟು, ಆಮೇಲೆ ಮನೆ. ಬೀಚನಹಳ್ಳಿಯ ಕಬಿನಿ ಅಣೆಕಟ್ಟು 1974ರದು. ಅಲ್ಲಿ ಹಳ್ಳಿಗಳು ಮೊದಲೇ ಇದ್ದವು, ನೀರು ಆಮೇಲೆ ಬಂತು. ಈಗ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಚಿಗುರುವ ಹುಲ್ಲಿಗೆ ಆನೆಗಳು ಹಿಂಡು ಹಿಂಡಾಗಿ ಬಂದು ಸೇರುತ್ತವೆ.

ಈ ಬಗೆಯ ಆಟಗಳಿಗೆ ದಾರಿ ಹಾಕಿಕೊಟ್ಟ 1989ರ ‘ಸಿಮ್‌ಸಿಟಿ’ ಹುಟ್ಟಿದ್ದು ಬಾಂಬ್ ಹಾಕುವ ಆಟದಿಂದ! ಅದನ್ನು ರೂಪಿಸಿದ ವಿಲ್ ರೈಟ್ 1984ರಲ್ಲಿ ಹೊರಬಂದ ಹೆಲಿಕಾಪ್ಟರ್ ದಾಳಿಯ ಆಟವೊಂದನ್ನು ಮಾಡುತ್ತಿದ್ದರು. ಅದರಲ್ಲಿನ ದ್ವೀಪಗಳನ್ನು ಕೆಡಹುವುದಕ್ಕಿಂತ ಅವುಗಳ ಮೇಲೆ ಊರು ಕಟ್ಟುವುದೇ ಅವರಿಗೆ ಹೆಚ್ಚು ಹಿಡಿಸಿತು.

ಈ ಆಟಗಳಲ್ಲಿ ಜಾಗ ಗುರುತಿಸುವ ಹಸಿರು ಬಣ್ಣ ಮನೆಗೆ, ನೀಲಿ ಅಂಗಡಿಗೆ, ಹಳದಿ ಕಾರ್ಖಾನೆಗೆ. ಹೊಸಬರು ಇಡೀ ನಕ್ಷೆಗೆ ಒಂದೇ ದಿನ ಬಣ್ಣ ಬಳಿಯುತ್ತಾರೆ. ಜನ ಬರುವುದಿಲ್ಲ, ಖಾಲಿ ರಸ್ತೆಗಳ ನಿರ್ವಹಣೆಗೇ ಬೊಕ್ಕಸ ಬರಿದಾಗುತ್ತದೆ. ಬೇಡಿಕೆಯ ಪಟ್ಟಿ ಮೇಲೇರಿದಾಗ ಒಂದೊಂದೇ ಬೀದಿ ಕೂಡಿಸಿ. ಇನ್ನೊಂದು ಕಾರಣವೂ ಇದೆ: ‘ಸ್ಕೈಲೈನ್ಸ್’ನಲ್ಲಿ ಒಟ್ಟಿಗೆ ಬಂದು ನೆಲೆಸಿದವರು ಒಟ್ಟಿಗೇ ಮುದುಕರಾಗಿ ಒಟ್ಟಿಗೇ ಸಾಯುತ್ತಾರೆ, ಶವವಾಹನ ಸಾಲುವುದಿಲ್ಲ.

ಕೆಲಸಕ್ಕೊಂದು ಜಾಗ ಗುರುತಿಸುವುದು ಆಟದಲ್ಲಷ್ಟೇ ಅಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಬೆಂಗಳೂರು ಪೇಟೆಯ ಹೆಸರುಗಳನ್ನೇ ಕೇಳಿ: ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ. ಸರಕಿಗೊಂದು ಬೀದಿ, ಜೊತೆಗೆ ಸುತ್ತ ಕೆರೆಗಳು. ಅವುಗಳಲ್ಲೊಂದಾದ ಧರ್ಮಾಂಬುಧಿಯ ಜಾಗದಲ್ಲೇ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಆಟದಲ್ಲಾದರೂ ಕೆರೆ ಮುಚ್ಚಬೇಡಿ.

ಹೊರಗೆ ಹೋಗಲು ಒಂದೇ ಹೆದ್ದಾರಿ ಇದ್ದರೆ? ಆಟದ ನಗರದ ವಾಹನಗಳೆಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಎರಡನೇ ದಾರಿಗೆ ಮೊದಲೇ ಜಾಗ ಬಿಡಿ. ನಿಜದಲ್ಲೂ ದಾರಿ ಮುಚ್ಚುವುದುಂಟು: ವಯನಾಡಿನ ಸುಲ್ತಾನ್ ಬತ್ತೇರಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿ ಬಂಡೀಪುರ ಕಾಡಿನಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚುತ್ತದೆ, 2009ರಿಂದ. ಆ ಹೊತ್ತು ಪ್ರಾಣಿಗಳದು.

ಇನ್ನು ವಿದ್ಯುತ್ತಿನ ಮಾತು. 1902ರಲ್ಲಿ ಕಾವೇರಿಯ ಶಿವನಸಮುದ್ರದ ವಿದ್ಯುತ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಆಟದಲ್ಲೂ ಮೊದಲ ವಿದ್ಯುತ್ತು ಆದಾಯ ತರುವ ಕಡೆಗೆ ಹೋಗಲಿ, ಅಲಂಕಾರದ ದೀಪಗಳು ಕಾಯಲಿ.

1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರದ ಬೀದಿಗಳನ್ನು ಒಮ್ಮೆ ನಡೆದು ನೋಡಿ. ನೇರ ರಸ್ತೆ, ಗಾಳಿ ಬೆಳಕು, ಮನೆಗಳ ಹಿಂದೆ ಕೊಳೆ ಸಾಗಿಸಲು ಕಿರುಗಲ್ಲಿ. ಬಡಾವಣೆ ಹಾಕುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಮತ್ತೆ ನೀರಿಗೇ ಬರೋಣ. ಕಬಿನಿ ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಅದರ ಕೆಳಗೆ, ಶಿವನಸಮುದ್ರದ ಬಳಿ ನೀರೆತ್ತಿ, ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡುತ್ತಾರೆ. ಬೆಂಗಳೂರಿನಲ್ಲಿ ಕಾವೇರಿ ನಲ್ಲಿ ಇರುವ ಮನೆಯಲ್ಲಿ ಕುಳಿತು ಈ ಆಟ ಆಡುವ ಹುಡುಗಿಯ ಪಕ್ಕದ ಲೋಟದಲ್ಲಿ ವಯನಾಡಿನ ಮಳೆಯೂ ಇದೆ.