ನಿಮಗಿದು ಗೊತ್ತೆ? ಜಡೆಗಟ್ಟಿದ್ದು ದೇವಿಯಿಂದಲ್ಲ, ಸಿಕ್ಕಿನಿಂದ!

ತಲೆಗೂದಲು ತಿಂಗಳಿಗೆ ಬೆಳೆಯುವುದು ಸುಮಾರು 1 ಸೆಂ.ಮೀ. ಮಾತ್ರ. ಅಂದರೆ ಸೊಂಟ ಮುಟ್ಟುವ ಹೆರಳಿನ ತುದಿಗೆ ಐದಾರು ವರ್ಷ ವಯಸ್ಸು! ಸವೆದು ಸೀಳುವುದು ಅದೇ ತುದಿ. ಎಣ್ಣೆ ಅಲ್ಲಿಗೂ ತಲುಪಬೇಕು. ಕೊಬ್ಬರಿ ಎಣ್ಣೆ ಕೂದಲೆಳೆಯ ಒಳಕ್ಕಿಳಿದು ಪ್ರೋಟೀನ್ ನಷ್ಟ ತಗ್ಗಿಸುತ್ತದೆ.

ಕೊಳವೆಬಾವಿಯ ಗಡಸು ನೀರಲ್ಲಿ ಮೈಸಾಬೂನು ಹಚ್ಚಿ ತಲೆ ತೊಳೆದರೆ ಕ್ಯಾಲ್ಸಿಯಂ ಸೇರಿ ಬಿಳಿ ಜಿಡ್ಡು ಕೂರುತ್ತದೆ. ಸೀಗೆಕಾಯಿಗೆ ಆ ಕಾಟವಿಲ್ಲ.

ಬಾಚದೆ ಬಿಟ್ಟರೆ ಉದುರಿದ ಕೂದಲು, ಜಿಡ್ಡು, ಧೂಳು ಸೇರಿ ಉದ್ದ ಕೂದಲು ಹಗ್ಗದಂತೆ ಗಂಟಾಗುತ್ತದೆ. ಕೆರೂರ, ಬಾದಾಮಿ, ಸವದತ್ತಿ ಸೀಮೆಯಲ್ಲಿ ಇದನ್ನೇ ಯಲ್ಲಮ್ಮನ ಜಡೆ ಎಂದು ನಂಬಿ, ಕತ್ತರಿ ಮುಟ್ಟಿಸಲು ಹೆದರಿದವರು ಎಷ್ಟೋ ಮಂದಿ. ಜಡೆ ಬಂತೆಂದು ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದ್ದೂ ಉಂಟು. ಒಂದು ಹಣಿಗೆ ತಪ್ಪಿಸಬಹುದಾಗಿದ್ದ ಅನ್ಯಾಯವಿದು. ಮುತ್ತು ಕಟ್ಟುವುದನ್ನು ಕರ್ನಾಟಕ 1982ರ ಕಾಯ್ದೆಯಲ್ಲೇ ನಿಷೇಧಿಸಿದೆ.

ತೊಯ್ದ ಕೂದಲು ಹಿಗ್ಗಿ ಬೇಗ ಹರಿಯುತ್ತದೆ. ಅರೆ ಒಣಗಿದ ಮೇಲೆ ಅಗಲ ಹಲ್ಲಿನ ಹಣಿಗೆಯಿಂದ, ತುದಿಯಿಂದ ಶುರುಮಾಡಿ ಮೇಲಕ್ಕೆ ಸಿಕ್ಕು ಬಿಡಿಸಿ. ಬಿಡಿಸಲಾಗದಷ್ಟು ಗಂಟಾಗಿದ್ದರೆ ಕತ್ತರಿಸಿಬಿಡಿ, ಕೇಡೇನೂ ಆಗದು.